ಪೂಜೆಗೆ ಕೂತ ಅಲೆನ್ ಕೀ

ನಮ್ಮ ಮನೆಯಲ್ಲಿ ಒಂದು ಸೈಕಲ್ ಇದೆ, ಅದರ ರಿಪೇರಿಗೆ ಒಂದಷ್ಟು ಉಪಕರಣಗಳಿವೆ ಎಂದು ಹೇಳಿದರೆ ನೀವು ನಂಬಿಬಿಡುತ್ತೀರಿ. ಆದರೆ ನಿಜ ಬೇರೆ. ಒಂದಷ್ಟು ಉಪಕರಣಗಳಿವೆ, ಅವು ಬೇಸರಪಟ್ಟುಕೊಳ್ಳಬಾರದು ಎಂದು ಒಂದು ಸೈಕಲ್ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರು ಸೈಕಲ್ ನೋಡಿ, "ಓಡಿಸ್ತೀರಾ?" ಎಂದು ಕೇಳಿದಾಗ ನಾನು ಮಾತು ಬದಲಿಸಿ ಅವರನ್ನು ಬಾಲ್ಕನಿಯ ಪೆಟ್ಟಿಗೆಯ ಕಡೆಗೆ ಕರೆದುಕೊಂಡು ಹೋಗುತ್ತೇನೆ.

ಸೈಕಲ್ ಬಂದದ್ದು ನನಗಾಗಿ ಅಲ್ಲ, ನನ್ನ ಹೆಂಡತಿ ಗಿರಿಜೆಗಾಗಿ. ನಾವಿರುವುದು ಠಾಣೆ ಜಿಲ್ಲೆಯ ನೆರೂಳಿನಲ್ಲಿ. ಆ ವರ್ಷಗಳಲ್ಲಿ ಭಾನುವಾರ ಬೆಳಗಾದರೆ ಪಾಮ್ ಬೀಚ್ ರಸ್ತೆಯ ತುಂಬ ಬಿಗಿ ಚಡ್ಡಿ, ಹೆಲ್ಮೆಟ್ ಹಾಕಿಕೊಂಡ ಜನ ಗೇರ್ ಸೈಕಲ್ಲುಗಳಲ್ಲಿ ಹೋಗಲು ಶುರುಮಾಡಿದ್ದರು. ಹಾಲು ತರಲು ಹೋದ ಗಿರಿಜೆ ಅವರನ್ನು ನೋಡುತ್ತ ನಿಂತು, ಹಾಲು ಮರೆತು ಬಂದಳು. ಅವಳು ಗದಗಿನವಳು. ಚಿಕ್ಕಂದಿನಲ್ಲಿ ಮನೆಯ ಸೈಕಲ್ ಅಣ್ಣಂದಿರ ಪಾಲಾಗಿತ್ತು. ಅದನ್ನು ಒರೆಸುವ ಕೆಲಸ ಮಾತ್ರ ಇವಳದು. "ಒಮ್ಮೆರ ಹತ್ತಿ ನೋಡಬೇಕ್ರಿ" ಎಂದಳು. ನನಗೂ ಉತ್ಸಾಹ ಬಂತು. ಮುಂದಿನ ವಾರವೇ ಕೆಂಪು ಬಣ್ಣದ ಸೈಕಲ್ ಲಿಫ್ಟಿನಲ್ಲಿ ನೆಟ್ಟಗೆ ನಿಂತು ಮೇಲೆ ಬಂತು.

ಒಂದು ಪೆಡಲ್ ಸ್ವಲ್ಪ ಅಲುಗಾಡುತ್ತಿತ್ತು. ಅಷ್ಟೇ, ಬೇರೇನಿಲ್ಲ. ಅದಕ್ಕೊಂದು ಸ್ಪ್ಯಾನರ್ ತರಲು ಠಾಣೆಯ ನೌಪಾಡಾಕ್ಕೆ ಹೋದೆ. ಅಲ್ಲಿಯ ಅಂಗಡಿಯ ಗೋಡೆ ನೋಡಿದವನು ಹಳೆಯ ಮನುಷ್ಯನಾಗಿ ಮರಳಲಿಲ್ಲ. ಚೈನಿನ ಕೊಂಡಿ ಕಳಚಲು ಒಂದು, ಚಕ್ರದ ಕಡ್ಡಿ ಬಿಗಿಮಾಡಲು ಒಂದು, ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕ್, ಎಳೆದು ತೆಗೆಯಲು ಒಂದು, ಹಿಂದಿನ ಹಲ್ಲುಚಕ್ರ ಬಿಚ್ಚಲು ಮತ್ತೊಂದು. ನನ್ನ ಅಪ್ಪ ಡೊಂಬಿವಲಿಯ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದವರು. ಅವರ ಬಳಿ ಇದ್ದದ್ದು ಪಕ್ಕಡ್ ಎನ್ನುವ ಒಂದೇ ಇಕ್ಕಳ. ಬಿಸಿ ಪಾತ್ರೆ ಇಳಿಸುವುದು, ಮೊಳೆ ಕೀಳುವುದು, ರೇಡಿಯೋದ ಕಿವಿ ಹಿಂಡುವುದು, ಮುರಿದ ನಲ್ಲಿ ತಿರುಗಿಸುವುದು ಎಲ್ಲವೂ ಅದರದೇ ಕೆಲಸ. ಅಂಥ ಮನೆಯಲ್ಲಿ ಬೆಳೆದವನಿಗೆ, ಜೀವಮಾನವಿಡೀ ಒಂದೇ ಒಂದು ಕೆಲಸ ಮಾಡಿಕೊಂಡಿರುವ ವಸ್ತುವನ್ನು ಕಂಡು ಗೌರವ ಹುಟ್ಟಿತು. ನಮ್ಮ ಬೇಲಾಪುರದ ಆಫೀಸಿನಲ್ಲೂ ಅಂಥವರು ಕೆಲವರಿದ್ದಾರೆ, ಅವರನ್ನು ಕಂಡಾಗ ಹೀಗನಿಸಿದ್ದಿಲ್ಲ.

ಈ ಉಪಕರಣಗಳದು ಒಂದು ವಿಚಿತ್ರ ಗುಣ. ಒಂದನ್ನು ಕೊಂಡರೆ ಅದು ಇನ್ನೊಂದನ್ನು ಕೇಳುತ್ತದೆ. ಕ್ರ್ಯಾಂಕ್ ತೆಗೆದರೆ ಒಳಗಿನ ಬೇರಿಂಗು ಕಾಣುತ್ತದೆ, ಕಂಡ ಮೇಲೆ ಬಿಚ್ಚದೆ ಇರುವುದು ಹೇಗೆ? ಅದಕ್ಕೆ ಹಲ್ಲು ಹಲ್ಲಿನ ಬೇರೆ ಸಾಧನ ಬೇಕು. ಅದನ್ನು ಹುಡುಕಿಕೊಂಡು ಅಂಬರನಾಥದ ಕಾರ್ಖಾನೆಗಳ ಓಣಿಯನ್ನೆಲ್ಲ ಸುತ್ತಿದೆ. ಅಷ್ಟು ದೂರ ಹೋದವನು ಅಲ್ಲಿಯ ಪುರಾತನ ಶಿವನಿಗೆ ಒಂದು ನಮಸ್ಕಾರವನ್ನೂ ಹಾಕದೆ, ಸಿಕ್ಕ ಸಾಧನವನ್ನು ಎದೆಗೊತ್ತಿಕೊಂಡು ಲೋಕಲ್ ರೈಲು ಹಿಡಿದೆ. ಇನ್ನು ಆ ಅಲುಗಾಡುವ ಪೆಡಲ್ಲು. ಸೈಕಲ್ಲಿನ ಎಡಗಡೆಯ ಪೆಡಲನ್ನು ಲೋಕದ ಉಳಿದೆಲ್ಲ ತಿರುಪುಗಳಿಗೆ ವಿರುದ್ಧವಾಗಿ ತಿರುಗಿಸಬೇಕು. ಅದು ತಿಳಿಯದೆ ಬಿಚ್ಚುತ್ತಿದ್ದೇನೆ ಎಂದುಕೊಂಡು ಬೆಳಗ್ಗಿನಿಂದ ಊಟದ ಹೊತ್ತಿನವರೆಗೆ ಬೆವರು ಸುರಿಸಿ ಬಿಗಿಮಾಡಿದೆ. ಆಮೇಲೆ ಅದನ್ನು ಬಿಚ್ಚಲು ಇನ್ನೂ ಉದ್ದ ಹಿಡಿಯ ಸ್ಪ್ಯಾನರ್ ಬೇಕಾಯಿತು. ಪೆಡಲ್ ಅಲುಗಾಡುವುದು ನಿಂತುಹೋಗಿದೆ ಎಂಬುದು ಆ ಗಡಿಬಿಡಿಯಲ್ಲಿ ನನ್ನ ಗಮನಕ್ಕೇ ಬರಲಿಲ್ಲ.

ಹೀಗಾಗಿ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ನಡೆಯುತ್ತಿದ್ದ ಸಂಭಾಷಣೆ ಒಂದೇ.

"ಇವತ್ತರ ಹತ್ತಲೇನ್ರಿ?"

"ಇವತ್ತು ಸರ್ವಿಸ್ ಉಂಟು ಮಾರಾಯ್ತಿ. ಬರುವ ವಾರ ನೋಡುವ."

ಸೈಕಲ್ ಬಾಲ್ಕನಿಯಲ್ಲಿ ಶೀರ್ಷಾಸನ ಹಾಕಿಕೊಂಡಿರುತ್ತಿತ್ತು. ಗಿರಿಜೆ ಅದರ ಗಾಳಿಯಲ್ಲಿ ತಿರುಗುವ ಚಕ್ರವನ್ನು ನೋಡಿ, ಗದಗಿನಲ್ಲಿ ಮಾಡುತ್ತಿದ್ದಂತೆಯೇ ಒರೆಸಿ ಒಳಗೆ ಹೋಗುತ್ತಿದ್ದಳು.

ಒಂದು ನವರಾತ್ರಿಯಲ್ಲಿ ಅವಳು ತೀರ್ಮಾನ ಹೇಳಿದಳು. "ವಿಜಯದಶಮಿ ದಿನ ಯಾವ ವಿದ್ಯಾ ಶುರು ಮಾಡಿದ್ರೂ ಕೈ ಹಿಡೀತದ. ಅವತ್ತ ಮುಂಜಾನಿ ನಾ ಸೈಕಲ್ ಹತ್ತಾಕಿ. ಅವತ್ತೂ ಆಗಲಿಲ್ಲಂದ್ರ ಇನ್ನ ಕೇಳೂದಿಲ್ಲ, ನೀವ ಇಟ್ಕೋರಿ."

ಅವಳು ಸಿಟ್ಟಿನಿಂದ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಸಿಟ್ಟಿಲ್ಲದೆ, ಸೊಪ್ಪು ಬಿಡಿಸುತ್ತ ಹೇಳಿದಳು. ನನಗೆ ನಿಜಕ್ಕೂ ಭಯವಾಯಿತು. ರಜೆ ಹಾಕಿ ಕೂತೆ. ಮಹಾನವಮಿಯ ದಿನ ಬೆಳಗ್ಗೆ ಚಕ್ರ, ಚೈನು, ಕ್ರ್ಯಾಂಕು, ಪೆಡಲು ಎಲ್ಲವೂ ಸ್ವಸ್ಥಾನ ಸೇರಿದವು. ಎರಡು ಬ್ರೇಕಿನ ತಂತಿಗಳನ್ನು ಅಲೆನ್ ಕೀ ಎಂಬ ಆರು ಮೂಲೆಯ ಬಾಗಿದ ಕಡ್ಡಿಯಿಂದ ಬಿಗಿಮಾಡುವುದಷ್ಟೇ ಉಳಿದಿತ್ತು. ಅಷ್ಟರಲ್ಲಿ ಪೂಜೆಗೆ ಹೊತ್ತಾಯಿತು ಎಂದು ಕರೆ ಬಂತು.

ನಮ್ಮ ಕರಾವಳಿಯ ಆಯುಧಪೂಜೆಯನ್ನು ಗಿರಿಜೆಯ ಕಡೆ ಖಂಡೆಪೂಜೆ ಎನ್ನುತ್ತಾರೆ. ಪೂಜೆಯ ವಿಷಯದಲ್ಲಿ ನಮ್ಮ ಮನೆಯಲ್ಲಿ ನಡೆಯುವುದು ಗದಗಿನ ಕಾನೂನು. ನವಮಿಯಂದು ಪೂಜೆಗೆ ಕೂತ ಆಯುಧವನ್ನು ದಶಮಿಯ ಸಂಜೆ ಬನ್ನಿ ಎಲೆ ಕೊಟ್ಟು ಬರುವ ತನಕ ಯಾರೂ ಮುಟ್ಟಬಾರದು. ಈ ಕಾನೂನು ನನಗೆ ಗೊತ್ತಿತ್ತು. ಆದರೆ ಮಣೆಯ ಮೇಲೆ ಕೆಂಪು ಬಟ್ಟೆ ಹಾಸಿದ್ದನ್ನು ಕಂಡಾಗ ನನ್ನ ಜಂಬ ಕಾನೂನಿಗಿಂತ ಮುಂದೆ ಓಡಿತು. ಬೇರೆಯವರು ಒಂದು ಚಾಕು, ಒಂದು ಸುತ್ತಿಗೆ ಇಡುತ್ತಾರೆ. ನಾನು ಇಡೀ ಪೆಟ್ಟಿಗೆಯನ್ನು ಸುರಿದು, ಗಾತ್ರದ ಪ್ರಕಾರ ಜೋಡಿಸಿದೆ. ಅಲೆನ್ ಕೀಗಳನ್ನು ಬೀಸಣಿಗೆಯ ಹಾಗೆ ಹರಡಿದೆ. ನೋಡಲು ಬಂದ ಪಕ್ಕದ ಮನೆಯ ಕದಮ್ ಕಾಕಾ ಕ್ರ್ಯಾಂಕ್ ಎಳೆಯುವ ಸಾಧನಕ್ಕೆ ವಿಶೇಷವಾಗಿ ಕೈಮುಗಿದರು, ಅದು ಯಾವುದೋ ದಕ್ಷಿಣದ ದೇವರಿರಬೇಕು ಎಂದುಕೊಂಡು.

ಮಂಗಳಾರತಿಯ ಹೊತ್ತಿಗೆ ದೇವಿಯ ಪಟ ನೋಡುತ್ತ ನನಗೊಂದು ವಿಚಾರ ಹೊಳೆಯಿತು. ಅವಳಿಗೆ ಅಷ್ಟು ಕೈ, ಒಂದೊಂದು ಕೈಗೆ ಒಂದೊಂದು ಆಯುಧ. ಯಾವುದನ್ನೂ ಕೆಳಗಿಟ್ಟು ಇನ್ನೊಂದನ್ನು ಹುಡುಕಬೇಕಾಗಿಲ್ಲ. ಹಿಂದಿನ ಚಕ್ರ ಬಿಚ್ಚುವವನ ಕಷ್ಟ ತಿಳಿದ ಯಾರೋ ಭಕ್ತನೇ ಆ ರೂಪವನ್ನು ಮೊದಲು ಕಂಡಿರಬೇಕು. ನನಗೋ ಎರಡೇ ಕೈ, ಒಂದು ಮೊಣಕಾಲು, ಮತ್ತು ನಟ್ಟು ಕಚ್ಚಿ ಹಿಡಿಯಲು ಬಾಯಿ. ಈ ಆಲೋಚನೆಯಲ್ಲಿ ಎಷ್ಟು ಮುಳುಗಿದ್ದೆನೆಂದರೆ, ಬ್ರೇಕಿನ ನೆನಪೇ ಆಗಲಿಲ್ಲ.

ನೆನಪಾದದ್ದು ಮರುದಿನ ಬೆಳಗ್ಗೆ. ಗಿರಿಜೆ ತಲೆಗೆ ಸ್ನಾನ ಮಾಡಿ, ಚೂಡಿದಾರ್ ಹಾಕಿ, ಕಾಲಿಗೆ ಮಗಳ ಬೂಟು ಕಟ್ಟಿ, ಸೈಕಲ್ಲಿಗೆ ಹೂವಿನ ಹಾರ ಹಾಕಿ ಕೆಳಗೆ ಇಳಿಸಿಯಾಗಿತ್ತು. ಬ್ರೇಕ್ ಹಿಡಿದು ನೋಡಿದಳು. ಅದು ಮೆತ್ತಗೆ ಕೈಗೆ ಬಂದು ಹಾಗೇ ಉಳಿಯಿತು.

"ಅಲೆನ್ ಕೀ ಪೂಜೆಯಲ್ಲಿದೆ" ಎಂದೆ. ಬೇರೆ ಯಾವ ಮಾತಿನಿಂದ ಶುರುಮಾಡಬಹುದಿತ್ತೋ ಇಂದಿಗೂ ಹೊಳೆದಿಲ್ಲ.

ಮಗಳು ನೇಹಾ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಪ್ಲಾಯರ್ ಸೇ ಕರ್ ದೋ ನಾ" ಎಂದಳು. ಮಾಡಿಬಿಡೋಣವೆಂದರೆ ಆ ಇಕ್ಕಳವೂ ಮಣೆಯ ಮೇಲಿತ್ತು. ನಾನು ಕದಮ್ ಕಾಕಾರ ಬಾಗಿಲು ತಟ್ಟಿದೆ. "ಅಹೋ ರಾವ್ ಸಾಹೇಬ್, ಖಂಡೇನವಮೀಲಾ ಠೇವಲಂಯ್, ಆಜ ಕಸಂ ಉಚಲಾಯಚಂ?" ಎಂದರು. ನವಮಿಗೆ ಇಟ್ಟದ್ದನ್ನು ಇವತ್ತು ಎತ್ತುವುದುಂಟೇ, ಅವರ ಪೆಟ್ಟಿಗೆಯೂ ಪೂಜೆಯಲ್ಲಿ! ಎರಡನೆಯ ಮಾಳಿಗೆಯವರದೂ ಹಾಗೆಯೇ, ವಾಚ್‌ಮನ್‌ನ ಸ್ಕ್ರೂ ಡ್ರೈವರಿಗೂ ಕುಂಕುಮ. ಸ್ಟೇಷನ್ ಹತ್ತಿರದ ಸೈಕಲ್ ಅಂಗಡಿಗೆ ಓಡಿದರೆ, ಮುಚ್ಚಿದ ಶಟರಿಗೆ ಚೆಂಡುಹೂವಿನ ಮಾಲೆ. ಇಡೀ ನೆರೂಳಿನಲ್ಲಿ ಅಂದು ಒಂದು ನಟ್ಟನ್ನು ತಿರುಗಿಸಬಲ್ಲ ಲೋಹವಿರಲಿಲ್ಲ. ಇದ್ದದ್ದೆಲ್ಲ ದೇವರಾಗಿತ್ತು.

"ಸಂಜೆ ಬನ್ನಿ ಕೊಟ್ಟ ಮೇಲೆ ಕಲಿಯಬಹುದಲ್ಲ?" ಎಂದೆ.

"ಸಂಜಿಕ ಮಂದಿ ಬರ್ತಾರ. ಮುಂಜಾನಿ ಅಂದ್ರ ಮುಂಜಾನಿ."

"ಹಾಗಾದರೆ ದೇವರಿಗೆ ತಪ್ಪುಕಾಣಿಕೆ ಹಾಕಿ ಒಂದು ಕೀ ಎತ್ತಲಾ?"

ಅವಳು ನನ್ನನ್ನು ನೋಡಿದಳು. ಕಣ್ಣಿನಲ್ಲಿ ನೀರಿತ್ತು. ಒಂದು ಕಡೆ ತವರಿನ ಖಂಡೆ, ಇನ್ನೊಂದು ಕಡೆ ತವರು ಕೊಡದ ಸೈಕಲ್. ಆಮೇಲೆ ಅವಳು ಮೂಗು ಒರೆಸಿಕೊಂಡು, ಸೀಟಿನ ಮೇಲೆ ಕೂತೇಬಿಟ್ಟಳು.

"ನೀವು ಹಿಂದ ಸೀಟು ಹಿಡ್ಕೋರಿ. ನಿಲ್ಲಸ್ರಿ ಅಂದಾಗ ನಿಲ್ಲಸ್ರಿ. ನೀವ ಬ್ರೇಕ್."

ಅಷ್ಟು ಸಾಮಾನು ಕೂಡಿಹಾಕಿದವನು ಕೊನೆಗೆ ತಾನೇ ಒಂದು ಸಾಮಾನಾದೆ. ಕಟ್ಟಡದ ಸುತ್ತ ಹೊರಟೆವು. ಅವಳು "ನಿಲ್ಲಸ್ರಿ!" ಎಂದಾಗ ನಾನು ಹಿಂದಕ್ಕೆ ವಾಲಿ ಚಪ್ಪಲಿ ನೆಲಕ್ಕೆ ಉಜ್ಜುತ್ತಿದ್ದೆ. ಕದಮ್ ಕಾಕಾ ಮುಂದೆ ಓಡುತ್ತ ಸ್ಕೂಟರುಗಳನ್ನು ಸರಿಸುತ್ತಿದ್ದರು. ಬಾಲ್ಕನಿಗಳಲ್ಲಿ ಜನ. ಸ್ವಲ್ಪ ಹೊತ್ತಿಗೆ ನನ್ನ ಉಸಿರು ಕಟ್ಟಿತು, ಕೈ ಜಾರಿತು, ಸೈಕಲ್ ಹೋಗಿಯೇ ಹೋಯಿತು.

ಅವಳು ಬೀಳಲಿಲ್ಲ. ಕಟ್ಟಡದ ಹಿಂದೆ ಮರೆಯಾಗಿ ಈಚೆ ಬಂದಳು. "ಬಿಟ್ರೇನ್ರಿ?" ಎಂದು ಕೇಳಿ ಮುಂದೆ ಹೋದಳು. ಮುಂದಿನ ಸುತ್ತಿನಲ್ಲಿ "ಅಣ್ಣಗ ಫೋನ್ ಮಾಡ್ರಿ!" ಎಂದಳು. ಅದರ ಮುಂದಿನ ಸುತ್ತಿನಲ್ಲಿ "ಫೋಟೋ!" ಎಂದಳು. ಆಮೇಲೆ ಬರೀ ನಗುತ್ತ ಹೋದಳು. ಆ ನಗೆಯನ್ನು ನಾನು ಮದುವೆಯಾದ ಹೊಸದರಲ್ಲಿ ನೋಡಿದ್ದೆ. ಕೊನೆಗೆ "ಹಿಡೀರಿ!" ಎಂಬ ಕೂಗು ಬಂದಾಗ ನಾನು ಓಡಿಹೋಗಿ ಸೀಟು ಹಿಡಿದೆ. ಸೈಕಲ್, ಅವಳು, ನಾನು, ಹೂವಿನ ಹಾರ ಒಟ್ಟಾಗಿ ಹೌಸಿಂಗ್ ಸೊಸೈಟಿಯ ದಾಸವಾಳದ ಬೇಲಿಯೊಳಗೆ ನಿಂತೆವು.

ಸಂಜೆ ಬಂದವರಿಗೆಲ್ಲ ಬನ್ನಿ ಕೊಟ್ಟಾಯಿತು, ಬಂಗಾರದ ಹಾಗೆ ಇರೋಣ ಎಂದಾಯಿತು. ನಾನು ಮಣೆಯ ಮೇಲಿಂದ ಐದು ಎಂಎಂ ಅಲೆನ್ ಕೀ ಎತ್ತಿ, ಕುಂಕುಮ ಒರೆಸಿ, ಬಾಲ್ಕನಿಗೆ ನಡೆದೆ.

"ಬ್ರೇಕ್ ಇವತ್ತ ಹಾಕಬ್ಯಾಡ್ರಿ" ಎಂದಳು ಗಿರಿಜೆ.

"ಯಾಕೆ ಮಾರಾಯ್ತಿ? ನಾಳೆ ಬೀಳ್ತಿ."

"ಬ್ರೇಕ್ ಹಾಕಿದ್ರ ನೀವು ಹಿಂದ ಓಡಿ ಬರೂದಿಲ್ಲ."

ಬ್ರೇಕನ್ನು ನಾನು ಹಾಕಿದೆ, ನನ್ನ ಎದೆಬಡಿತದ ಹಿತದೃಷ್ಟಿಯಿಂದ. ಆದರೆ ಅಂದಿನಿಂದ ಭಾನುವಾರ ಪೆಟ್ಟಿಗೆ ತೆರೆದಿಲ್ಲ. ಪಾಮ್ ಬೀಚ್ ರಸ್ತೆಯಲ್ಲಿ ಬೆಳಗಿನ ಹೊತ್ತು ಕೆಂಪು ಸೈಕಲ್ಲಿನ ಹಿಂದೆ ಚಪ್ಪಲಿ ಉಜ್ಜುತ್ತ ಓಡುವ ಮನುಷ್ಯನನ್ನು ಕಂಡರೆ, ಬ್ರೇಕ್ ಕೆಟ್ಟಿದೆಯೇ ಎಂದು ಕೇಳಬೇಡಿ, ಎರಡೂ ಚೆನ್ನಾಗಿವೆ.