ಅತ್ತೆ ಕೂಗಿದ ಗಾಳಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಹುಣಸೂರಿನಲ್ಲಿ ನಾನು ಪಿ.ಇ. ಟೀಚರಾಗಿರುವ ಹೈಸ್ಕೂಲಿನ ಮಕ್ಕಳಿಂದ ಹಿಡಿದು ಸಂತೆಯಲ್ಲಿ ಸೊಪ್ಪು ಮಾರುವವಳವರೆಗೆ ಎಲ್ಲರಿಗೂ ಅದು ಗೊತ್ತು. "ನಿನ್ನಂಥೋಳ ಕೈಗೆ ಕೋವಿ ಕೊಟ್ಟ ಪುಣ್ಯಾತ್ಮ ಯಾರು?" ಎಂದು ನಮ್ಮ ಯಜಮಾನರು ಮದುವೆಯಾದ ಹೊಸದರಲ್ಲೇ ಕೇಳಿದ್ದರು. ಕಾಲೇಜಿನಲ್ಲಿ ಪರೇಡು ಮಾಡಿಸುತ್ತಿದ್ದ ಮೇಷ್ಟ್ರು ಕೊಟ್ಟರು, ಇನ್ಯಾರು! ಬೋರಲು ಮಲಗಿ, ಕೆನ್ನೆಗೆ ರೈಫಲ್ಲಿನ ಮರ ತಾಗಿಸಿ, ಉಸಿರನ್ನು ಅರ್ಧ ಬಿಟ್ಟು ತಡೆದು ಟ್ರಿಗರ್ ಒತ್ತುವ ಆ ಒಂದು ಗಳಿಗೆ ಇದೆಯಲ್ಲ, ಆಗ ಮಾತ್ರ ನನ್ನ ಸಿಟ್ಟು ಎಲ್ಲಿಗೋ ಹೋಗಿರುತ್ತದೆ. ಅದಕ್ಕೇ ಇಪ್ಪತ್ತು ವರ್ಷವಾದರೂ ಬಿಟ್ಟಿಲ್ಲ.

ನಮ್ಮದು ಮುನ್ನೂರು ಮೀಟರಿನ ಸ್ಪರ್ಧೆ. ಕೈ ನಡುಗದಿದ್ದರೆ, ಕಣ್ಣು ಮಂಜಾಗದಿದ್ದರೆ ಹೊಡೆಯಬಹುದು ಎಂದು ನೋಡುವವರು ಅಂದುಕೊಳ್ಳುತ್ತಾರೆ. ಕೈಯನ್ನೂ ಕಣ್ಣನ್ನೂ ಪಳಗಿಸಬಹುದು ಕಣ್ರೀ, ಗಾಳಿಯನ್ನು ಪಳಗಿಸುವವರು ಯಾರು? ಎಡದಿಂದ ಒಂದು ಒಳ್ಳೇ ಬೀಸು ಬಂದರೆ ಗುಂಡು ಹಲಗೆ ತಲುಪುವಷ್ಟರಲ್ಲಿ ಒಂದು ಗೇಣು ಬಲಕ್ಕೆ ಹೋಗಿಬಿಟ್ಟಿರುತ್ತದೆ. ನಡುವಿನ ಕಪ್ಪಿಗೆ ಇಟ್ಟ ಹತ್ತು ಅಂಕದ ಗುಂಡು ಏಳಕ್ಕೆ ಇಳಿಯುತ್ತದೆ. ನಮ್ಮ ಕ್ಲಬ್ಬಿನ ರೇಂಜ್ ಇರುವುದೋ ಊರಾಚೆ ಒಂದು ಹಳೇ ಕಲ್ಲುಕ್ವಾರಿಯ ಬಾಯಲ್ಲಿ. ಗಾಳಿ ಆ ಬಂಡೆಗೆ ಹೊಡೆದು, ತಿರುಗಿ, ಸುತ್ತಿ, ಒಂದು ಬಾವುಟ ಎಡಕ್ಕೆ ಹಾರಿದರೆ ಇನ್ನೊಂದು ಬಲಕ್ಕೆ ಹಾರುತ್ತದೆ.

ಪ್ರತಿ ವರ್ಷ ಶ್ರಾವಣ ಮುಗಿಯುವ ಹೊತ್ತಿಗೆ ಅಲ್ಲಿ ಜಿಲ್ಲಾ ತಂಡಕ್ಕೆ ನಾಲ್ಕು ಜನ ಹೆಂಗಸರನ್ನು ಆರಿಸುತ್ತಾರೆ. ಮೂರು ವರ್ಷದಿಂದ ನಾನು ಐದನೆಯವಳು. ಐದನೆಯವಳೆಂದರೆ ಬಟ್ಟೆಬರೆ ಜೋಡಿಸಿಕೊಂಡು ತಯಾರಾಗಿರಬೇಕು, ಆದರೆ ನಾಲ್ವರಲ್ಲಿ ಒಬ್ಬಳಿಗಾದರೂ ಜ್ವರ ಬಂದರೆ ಮಾತ್ರ ಹೊಡೆಯಬೇಕು. ಮೂರು ವರ್ಷದಲ್ಲಿ ಒಬ್ಬಳಿಗೂ ಒಂದು ಸೀನು ಸಹ ಬರಲಿಲ್ಲ. ಮೂರು ಸಲವೂ ನನ್ನನ್ನು ಒಂದೋ ಎರಡೋ ಅಂಕದಲ್ಲಿ ಹಿಂದೆ ಹಾಕಿ ನಾಲ್ಕನೆಯವಳಾದದ್ದು ಪಿರಿಯಾಪಟ್ಟಣದಲ್ಲಿ ಟೈಲರಿಂಗ್ ಅಂಗಡಿ ಇಟ್ಟಿರುವ ಒಬ್ಬಳು. ನನಗಿಂತ ಹತ್ತು ವರ್ಷ ಚಿಕ್ಕವಳು, ಸದಾ ನಗುಮುಖ. ಆ ನಗು ಕಂಡರೇ ನನಗೆ ಮೈ ಉರಿಯುತ್ತಿತ್ತು. ಈ ಸಲ ಹೇಗಾದರೂ ಮಾಡಿ ಅವಳಿಗಿಂತ ಮುಂದೆ ಬರಬೇಕು, ತಂಡದ ನೀಲಿ ಕೋಟು ಹಾಕಿಕೊಳ್ಳಬೇಕು ಎಂದು ಹಟ ಹಿಡಿದಿದ್ದೆ.

ಪಕ್ಕದಲ್ಲಿ ಕೂತು ಗಾಳಿ ನೋಡಿ ಹೇಳಲು ಒಬ್ಬರನ್ನು ಕರೆತರಬಹುದು ಎಂದು ನಮ್ಮಲ್ಲಿ ನಿಯಮ ಇದೆ. ನನಗೆ ಆ ಕೆಲಸ ಮಾಡುತ್ತಿದ್ದವರು ನಮ್ಮ ಯಜಮಾನರು. ಕೈಯಲ್ಲಿ ಹಿಡಿಯುವ ಪುಟ್ಟ ಫ್ಯಾನಿನಂಥ ಮೀಟರೊಂದನ್ನು ಇಟ್ಟುಕೊಂಡು ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಓದಿ ಹೇಳುತ್ತಿದ್ದರು. ಆದರೆ ಆ ವರ್ಷ ಸರಿಯಾಗಿ ಹಿಂದಿನ ದಿನವೇ ಸೊಪ್ಪು ಹದಮಾಡುವ ಬ್ಯಾರನ್ ಮನೆಗೆ ಹೊಗೆಸೊಪ್ಪು ಏರಿಸಿ ಬೆಂಕಿ ಹಾಕಿದ್ದರು. ಸೊಪ್ಪು ಬೇಯುವಾಗ ಬ್ಯಾರನ್ ಬಿಟ್ಟು ಎದ್ದು ಬರುವ ಗಂಡಸು ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬೆಳಗ್ಗೆ ಎದ್ದು ನಾನು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಗ ನಮ್ಮತ್ತೆ ಹಣೆತುಂಬ ವಿಭೂತಿ ಇಟ್ಟುಕೊಂಡು, ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದು ನಿಂತರು.

"ನಡಿಯವ್ವ, ನಾನೇ ಬತ್ತೀನಿ. ಅದೇನ್ ಹೊಡೀತೀಯೋ ನೋಡೇಬುಡ್ತೀನಿ."

ಅತ್ತೆಯ ತವರು ಸರಗೂರಿನ ಕಡೆ ಒಂದು ಹಳ್ಳಿ. ರಾಗಿ, ಹುರುಳಿಯ ಹೊಲ. ನಾನು ಮಿರ್ಲೆಯವಳು, ನಾಲೆ ನೀರಿನ ಭತ್ತದ ಗದ್ದೆ ಕಂಡವಳು. "ನೀರು ಕಂಡೋರ್‌ಗೆ ಏನ್ ಗೊತ್ತು" ಎಂಬುದು ಅವರ ನಿತ್ಯದ ಮಾತು. ಎಪ್ಪತ್ತು ದಾಟಿದ್ದರೂ ಮನೆಗಾಗುವಷ್ಟು ರಾಗಿಯನ್ನು ಇವತ್ತಿಗೂ ಕಣದಲ್ಲಿ ತಾವೇ ತೂರುತ್ತಾರೆ. ಮೆಷಿನ್ನಿಗೆ ಹಾಕಿದ ರಾಗಿಯ ಮುದ್ದೆ ಅವರಿಗೆ ಗಂಟಲಲ್ಲಿ ಇಳಿಯುವುದಿಲ್ಲವಂತೆ.

ಸ್ಕೂಟರ್ ಹಿಂದೆ ಕೂರಿಸಿಕೊಂಡು ಹೋದೆ. ರೈಫಲ್ ಕ್ಲಬ್ಬಿನಲ್ಲೇ ಇರುತ್ತದೆ, ನಮ್ಮದೇನಿದ್ದರೂ ಕೋಟು, ಚಾಪೆ, ಬುತ್ತಿ. ರೇಂಜ್ ಆಫೀಸರ್ ಕೊಡಗಿನ ಕಡೆಯ ನಿವೃತ್ತ ಸುಬೇದಾರರು, ಗಿರಿಜಾ ಮೀಸೆ. ಅತ್ತೆಯನ್ನು ನೋಡಿ, "ಇವರೇನಾ ನಿಮ್ಮ ಕೋಚ್?" ಎಂದು ಕೇಳಿ ಮೀಸೆಯೊಳಗೇ ನಕ್ಕು, ಕಿವಿ ಮುಚ್ಚುವ ಗುಬಟೆಗಳನ್ನು ಕೊಟ್ಟರು. ಅತ್ತೆ, "ನಂಗ್ಯಾಕಪ್ಪ ಇದು, ಕಿವಿ ಮೊದ್ಲೇ ಮಂದ" ಎಂದು ಪಕ್ಕಕ್ಕಿಟ್ಟರು. ಮೊದಲನೇ ಗುಂಡು ಹಾರಿದ್ದೇ ತಡ, "ಅಯ್ಯೋ ಶಿವನೇ!" ಎಂದು ಎರಡೂ ಗುಬಟೆಗಳನ್ನು ತಲೆಗೆ ಹೊದ್ದ ಸೆರಗಿನ ಮೇಲೇ ಏರಿಸಿಕೊಂಡರು. ಅವತ್ತು ಸಾಲಿನಲ್ಲಿದ್ದವರೆಲ್ಲ ನಗುತ್ತಲೇ ಹೊಡೆಯಲು ಶುರುಮಾಡಿದೆವು.

ಒಟ್ಟು ಇಪ್ಪತ್ತು ಗುಂಡು. ಆಷಾಢದ ಗಾಳಿಗೆ ಶ್ರಾವಣ ಬಂದದ್ದೇ ಗೊತ್ತಿರಲಿಲ್ಲವೇನೋ, ಎಡದಿಂದ ಬೀಸಿ ಬೀಸಿ ನಿಲ್ಲುತ್ತಿತ್ತು. ನಾವು ಕಲಿತ ವಿದ್ಯೆ ಒಂದೇ, ಗಾಳಿ ನಿಂತಾಗ ಹೊಡೆ. ಬಾವುಟಗಳು ಇಳಿಬೀಳುವುದನ್ನೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯ್ದೆ. ಇಳಿದವು, ಹೊಡೆದೆ. ಎಂಟು. ಮತ್ತೆ ಇಳಿದವು, ಹೊಡೆದೆ. ಏಳು, ಅದೂ ಎಡಕ್ಕೆ! ಹತ್ತು ಗುಂಡು ಮುಗಿಯುವಷ್ಟರಲ್ಲಿ ನನಗೆ ಅಳುವೇ ಬಂತು. ಈ ಸಲ ಐದನೆಯದೂ ಇಲ್ಲ ಎಂದುಕೊಂಡೆ.

ಅತ್ತೆ ನನ್ನ ಒಂದು ಕಿವಿಯ ಗುಬಟೆ ಎತ್ತಿದರು. "ಅಲ್ಲ ಕಣವ್ವ, ಏನ್ ಕಾಯ್ತಾ ಇದ್ದೀಯ?"

"ಗಾಳಿ ನಿಲ್ಲಲಿ ಅಂತ."

"ಗಾಳಿ ನಿಂತಾಗ ಯಾರಾರ ತೂರ್ತಾರಾ?"

ಹಲ್ಲು ಕಡಿದು ಹೇಳಿದೆ, "ಅತ್ತೆ, ಇದು ರಾಗಿ ಅಲ್ಲ."

"ಗಾಳಿ ಅದೇ ತಾನೆ? ನಿಂತ ಗಾಳೀನ ನಂಬಬ್ಯಾಡ. ಅದು ನಿಂತಿರಾಕಿಲ್ಲ, ಯಾವ ಕಡೆ ಓಗಾನ ಅಂತ ತಡಕಾಡ್ತಾ ಇರ್ತದೆ. ಆ ಒತ್ತಲ್ಲಿ ಮೊರ ಎತ್ತಿದ್ರೆ ಹೊಟ್ಟು ದೂಳೆಲ್ಲ ಕಣ್ಣಿಗೇ ಬತ್ತದೆ. ತುಂಬಿ ಬೀಸೋ ಗಾಳಿ ಐತಲ್ಲ, ಅದು ಮೊದ್ಲಿಂದ ಕೊನೇಗಂಟ ಒಂದೇ ಸಮ. ಅದು ಬಂದಾಗ ಹೊಡಿ. ನಾನು ಕೂಗ್ತೀನಿ."

ಇನ್ನು ಕಳೆದುಕೊಳ್ಳುವುದಕ್ಕೆ ಏನಿತ್ತು? ತುಂಬಿದ ಬೀಸು ಗುಂಡನ್ನು ಬಲಕ್ಕೆ ತಳ್ಳುತ್ತದೆ ತಾನೆ, ಅದಕ್ಕೆ ಸರಿಯಾಗಿ ರೈಫಲ್ಲಿನ ಗುರಿಯ ತಿರುಪನ್ನು ಬಾಯಿಬಿಟ್ಟು ಎಣಿಸುತ್ತ ಏಳು ಕ್ಲಿಕ್ ಎಡಕ್ಕೆ ತಿರುಗಿಸಿ ಮಲಗಿದೆ. ಸಾಲಿನ ಉಳಿದವರು ಗಾಳಿ ನಿಂತಾಗಲೆಲ್ಲ ಢಂ ಢಂ ಎಂದು ಹೊಡೆಯುತ್ತಿದ್ದರು. ನಾನು ಸುಮ್ಮನೆ ಮಲಗಿದ್ದೆ. ಅತ್ತೆ ಬಾವುಟದ ಕಡೆ ನೋಡುತ್ತಲೇ ಇರಲಿಲ್ಲ. ದೂರದ ನೀಲಗಿರಿ ತೋಪನ್ನು, ಅದರ ಈಚೆಯ ಹುಲ್ಲನ್ನು ನೋಡುತ್ತಿದ್ದರು. ಆಮೇಲೆ ಒಂದೇ ಸಲ, ಕಣದಲ್ಲಿ ನಿಂತವರ ಹಾಗೆ, "ಬಂತೂ!" ಎಂದು ಕೂಗಿದರು.

ಬಾವುಟಗಳೆಲ್ಲ ಒಟ್ಟಿಗೇ ಎದ್ದು ಬಿಗಿಯಾದವು. ಹೊಡೆದೆ. ಹತ್ತು.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಮುಂದಿನ "ಬಂತೂ!" ಕೂಗಿಗೆ ಒಂಬತ್ತು, ಮತ್ತೆ ಹತ್ತು, ಮತ್ತೆ ಹತ್ತು. ಸುಬೇದಾರರು ಓಡಿ ಬಂದು, "ಅಮ್ಮಾ, ಮೆತ್ತಗೆ ಹೇಳಬೇಕು" ಎಂದರು. "ಕಿವಿಗೆ ಬುಂಡೆ ಕಟ್ಟೋರೂ ನೀವೇ, ಮೆತ್ತಗೆ ಹೇಳು ಅನ್ನೋರೂ ನೀವೇ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು. ಕೂಗಬಾರದೆಂದು ನಿಯಮದ ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ. ಪಾಪ, ಅವರೂ ಹುಡುಕಿ ನೋಡಿ ಸುಮ್ಮನಾದರು.

ಅಂಕ ಕೂಡಿದಾಗ ಮೊದಲ ಮೂವರು ನಮಗೆ ಸಿಗದಷ್ಟು ಮುಂದಿದ್ದರು. ನಾಲ್ಕನೆಯ ಸ್ಥಾನಕ್ಕೆ ನಾನೂ ಪಿರಿಯಾಪಟ್ಟಣದವಳೂ ಸಮ ಸಮ. ಹಾಗಾದರೆ ಇಬ್ಬರಿಗೂ ಒಂದೊಂದು ಗುಂಡು, ಒಂದು ನಿಮಿಷ, ಒಟ್ಟಿಗೇ ಹೊಡೆಯಬೇಕು, ಹೆಚ್ಚು ಬಂದವಳು ತಂಡಕ್ಕೆ ಎಂದು ಸುಬೇದಾರರು ತೀರ್ಮಾನ ಹೇಳಿದರು. ನನಗೋ ಒಳಗೊಳಗೇ ಸಂಭ್ರಮ. ಅತ್ತೆ ನನ್ನ ಕಡೆ ಇರುವಾಗ ಇವಳೇನು ಮಾಡಿಯಾಳು! ನೀಲಿ ಕೋಟು ಭುಜದ ಮೇಲೆ ಬಂದು ಕೂತಂತೇ ಅನಿಸಿತು.

ಚಾಪೆ ಸರಿಮಾಡಿಕೊಳ್ಳುತ್ತಿದ್ದ ಅವಳು ತಲೆ ಎತ್ತಿ, ಅದೇ ನಗು ನಗುತ್ತಾ ನಮ್ಮತ್ತೆಗೆ, "ಅಮ್ಮಾ, ಗಾಳಿ ಬಂದ್ರೆ ನಂಗೂ ಒಂಚೂರು ಹೇಳಿ" ಎಂದಳು. ತಮಾಷೆಗೇ ಅಂದದ್ದು. ಅತ್ತೆ ಮಾತ್ರ ತಮಾಷೆ ಮಾಡುವವರಲ್ಲ.

"ಅದಕ್ಕೇನವ್ವ, ಕೂಗಿದ್ರೆ ಇಬ್ರಿಗೂ ಕೇಳ್ತದೆ. ನಮ್ಮೂರಲ್ಲಿ ನಾಕು ಕಣ ಒತ್ತೊತ್ತಿಗೇ ಇರ್ತವೆ. ಯಾರಿಗೆ ಮೊದ್ಲು ಗಾಳಿ ಸುಳಿವು ಸಿಕ್ತದೋ ಅವ್ರು ಎಲ್ಲಾರ್ಗೂ ಕೂಗ್‌ಬೇಕು. ನೀನೂ ಏಳು ಕಿಲಿಕ್ಕು ಎಡಕ್ಕೆ ತಿರುಗ್ಸ್ಕ."

ಏಳು ಕ್ಲಿಕ್ಕಿನ ಲೆಕ್ಕವನ್ನೂ ಕೊಟ್ಟುಬಿಟ್ಟರು! ಏನಾದರೂ ಅನ್ನೋಣವೆಂದರೆ ಸುಬೇದಾರರು ಆಗಲೇ "ಲೋಡ್" ಎಂದಿದ್ದರು. ಮಲಗಿದೆ. ಕೆನ್ನೆ ಮರಕ್ಕೆ ತಾಗಿತು, ಉಸಿರು ಅರ್ಧ ಹೋಯಿತು, ಆದರೆ ಸಿಟ್ಟು ಹೋಗಲಿಲ್ಲ. ಎದೆಯಲ್ಲೇ ಧಗಧಗ ಅನ್ನುತ್ತಿತ್ತು. ಮುಕ್ಕಾಲು ನಿಮಿಷ ಕಳೆಯಿತು. ನೀಲಗಿರಿ ತೋಪು ಅಲ್ಲಾಡಿರಬೇಕು.

"ಬಂತೂ!"

ನಾನು ತಿರುಗಿ ಅತ್ತೆಯ ಮುಖ ನೋಡಿದೆ. ಯಾರ ಕಡೆ ನೋಡಿಕೊಂಡು ಕೂಗಿದರು, ಅವಳ ಕಡೆಗಾ, ನನ್ನ ಕಡೆಗಾ ಎಂದು. ಪಕ್ಕದಲ್ಲಿ ಢಂ ಎಂದಿತು. ನಾನು ಮತ್ತೆ ಕೆನ್ನೆ ಇಟ್ಟು ಕಣ್ಣು ಕೂಡಿಸುವಷ್ಟರಲ್ಲಿ ಬಾವುಟ ಜೋಲು ಬಿದ್ದಿತ್ತು, ಸುಬೇದಾರರು ಕೊನೆಯ ಸೆಕೆಂಡು ಎಣಿಸುತ್ತಿದ್ದರು. ಗುರಿ ಇನ್ನೂ ಏಳು ಕ್ಲಿಕ್ ಎಡಕ್ಕೇ ಇತ್ತು. ಒತ್ತಿಬಿಟ್ಟೆ. ತಳ್ಳುವುದಕ್ಕೆ ಗಾಳಿಯೇ ಇಲ್ಲದ ಗುಂಡು ನೆಟ್ಟಗೆ ಎಡಕ್ಕೆ ಹೋಗಿ ಕೂತಿತು. ನನಗೆ ಏಳು, ಅವಳಿಗೆ ಹತ್ತು.

ಅವಳು ಎದ್ದು ಬಂದು ಅತ್ತೆಯ ಕಾಲು ಮುಟ್ಟಿದಳು. ಅತ್ತೆ ಅವಳ ತಲೆ ಸವರಿ, "ಚೆನ್ನಾಗಿರವ್ವ" ಎಂದು ಚೀಲದಿಂದ ಎಲೆಅಡಿಕೆ ತೆಗೆದು ಕೊಟ್ಟರು. ನಾನು ಚಾಪೆ ಸುತ್ತುತ್ತಿದ್ದೆ, ಅಷ್ಟು ಬಿಗಿಯಾಗಿ ಸುತ್ತಿದೆನೆಂದರೆ ಆಮೇಲೆ ಬಿಚ್ಚಲು ಎರಡು ಕೈ ಸಾಲಲಿಲ್ಲ.

ಅರ್ಧ ದಾರಿಗೆ ತಡೆಯಲಾಗದೆ ಒಂದು ಆಲದ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದೆ.

"ಅತ್ತೆ, ನಿಮ್ಮ ಸೊಸೆ ನಾನಾ, ಅವಳಾ? ಮೂರು ವರ್ಷದಿಂದ ಒದ್ದಾಡ್ತಾ ಇದ್ದೀನಿ. ಕೈಗೆ ಬಂದಿದ್ದನ್ನ ತೆಗೆದು ಅವಳಿಗೆ ಕೊಟ್ಟುಬಿಟ್ರಲ್ಲ!"

ಅತ್ತೆ ನಿಧಾನವಾಗಿ ಇಳಿದು ಸೀರೆ ಸರಿಮಾಡಿಕೊಂಡರು. ಅವರಿಗೆ ಸಿಟ್ಟೇನೂ ಬಂದಿರಲಿಲ್ಲ.

"ನಾನೇನ್ ಕೊಟ್ನವ್ವ? ಇಬ್ರಿಗೂ ಒಂದೇ ಸಲ ಕೂಗ್ದೆ. ಅವಳು ಗಾಳಿ ನೋಡಿದ್ಲು. ನೀನು ನನ್ ಮುಖ ನೋಡ್ದೆ."

ಇಪ್ಪತ್ತು ವರ್ಷದಲ್ಲಿ ಗುರಿ ತಪ್ಪಿದ್ದಕ್ಕೆ ರೈಫಲ್ಲಿಗೆ ಬೈದಿದ್ದೇನೆ, ಗುಂಡಿಗೆ ಬೈದಿದ್ದೇನೆ, ಬಂಡೆಗೆ ಹೊಡೆದು ತಿರುಗುವ ಗಾಳಿಗೆ ಬಯ್ಯದ ದಿನವಿಲ್ಲ. ಅವತ್ತು ಆ ಒಂದು ಗುಂಡಿಗೆ ಬಯ್ಯಲು ಯಾರೂ ಸಿಗಲಿಲ್ಲ. ಗಾಳಿ ಸರಿಯಾಗಿಯೇ ಬಂದಿತ್ತು, ಕೂಗೂ ಕೇಳಿತ್ತು. ನನ್ನದು ಬರೀ ಹೊಟ್ಟೆಕಿಚ್ಚು. ನಾಚಿಕೆಯಾಯಿತು, ಎಷ್ಟೆಂದರೆ ಆ ಮರದ ಕೆಳಗೆ ನಿಂತವಳು ನಗಲು ಶುರುಮಾಡಿದೆ. ಅತ್ತೆ ಗಾಬರಿಯಾಗಿ, "ಯಾಕವ್ವ, ಏನಾಯ್ತು?" ಎಂದು ನನ್ನ ಮೈ ಮುಟ್ಟಿ ನೋಡಿದರು.

"ಏನಿಲ್ಲ, ಹತ್ತಿ" ಎಂದೆ.

ಹತ್ತಿದರು. ಸ್ಕೂಟರ್ ಹೊರಟ ಮೇಲೆ ಹಿಂದಿನಿಂದ, "ಇನ್ನು ನನ್ನ ಕರಕಂಬರಬ್ಯಾಡ ಬುಡು, ನಿಂಗೆ ಸಿಟ್ಟು ಬತ್ತದೆ" ಎಂದರು.

"ಬರಲೇಬೇಕು ನೀವು. ಬರೋ ವರ್ಷವೂ ಬರಬೇಕು."

"ಬಂದ್ರೆ ಅವಳಿಗೂ ಕೂಗ್ತೀನಿ ಮತ್ತೆ."

ರಸ್ತೆಯಲ್ಲಿ ಎದುರುಗಾಳಿ ಇತ್ತು, ಜೋರಾಗಿ ಹೇಳಬೇಕಾಯಿತು.

"ಕೂಗಿ ಅತ್ತೆ" ಎಂದೆ.