ಒಂದರ ಹೆಗಲಿಗೆ ಒಂದು

ಡೊಂಕಣ್ಣನಿಗೆ ಆ ಹೆಸರು ಬಂದದ್ದು ಮೈಯಿಂದಲ್ಲ, ಕೈಯಿಂದ. ಮನುಷ್ಯ ಕಂಬದ ಹಾಗೆ ನೆಟ್ಟಗಿದ್ದ. ಅವನು ಅಂಗಡಿ ಬೋರ್ಡುಗಳ ಮೇಲೆ ಬರೆದ ಅಕ್ಷರಗಳು ಮಾತ್ರ ಹರಟೆಗೆ ಕೂತ ನೆಂಟರಂತೆ ಒಂದರ ಹೆಗಲಿಗೆ ಒಂದು ಒರಗುತ್ತಿದ್ದವು; ಒತ್ತಕ್ಷರಗಳು ಮಕ್ಕಳಂತೆ ಕಾಲಿಗೆ ಜೋತುಬೀಳುತ್ತಿದ್ದವು. ಮೊದಲು ಬೈದ ಅಂಗಡಿಯವರೇ ಆಮೇಲೆ “ನಮ್ಮದನ್ನೂ ಕುಣಿಸಪ್ಪ” ಎನ್ನುತ್ತ ಬಂದರು.

ಯಂತ್ರದಲ್ಲಿ ಅಚ್ಚಾಗುವ ಬ್ಯಾನರು ಬಂದ ಮೇಲೆ ಅವನ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ದರ್ಜಿ ತನ್ನದನ್ನು ಕೋಳಿಗೂಡಿಗೆ ಬಾಗಿಲು ಮಾಡಿಕೊಂಡ. ಡೊಂಕಣ್ಣ ಕಂಡೂ ಕಾಣದವನಂತೆ ಅದರ ಮುಂದೆ ಹಾದುಹೋಗುತ್ತಿದ್ದ. ತನಗಿಂತ ಮೊದಲೇ ತನ್ನ ಅಕ್ಷರ ಸಾಯುವುದು ಅವನಿಗೆ ಸಹಿಸಲಾಗದ ಮಾತಾಗಿತ್ತು.

ಅವನಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಮಗಳು ಮುದ್ರಣಾಲಯದಲ್ಲಿ ಪುಟಗಳನ್ನು ಜೋಡಿಸುವವಳು. “ಮಾಮ, ನಿನ್ನ ಅಕ್ಷರನೆಲ್ಲ ಕಂಪ್ಯೂಟರಿಗೆ ಹಾಕ್ತೀನಿ. ಯಾರು ಟೈಪ್ ಮಾಡಿದರೂ ನಿನ್ನ ಕೈಯೇ ಬರುತ್ತೆ. ಒಂದೊಂದನ್ನೂ ಬೇರೆ ಬೇರೆ ಬರೆದುಕೊಡು,” ಎಂದಳು. ಅವನು ಆಗಲೇ ಕುಂಚ ತೊಳೆದು ಕೂತ.

ಅಕ್ಷರಗಳು ಕವಾಯತಿಗೆ ನಿಂತಂತೆ ಸೆಟೆದವು. ಹರಿದು ಹಾಕಿ ಮತ್ತೆ ಬರೆದರೂ ಅಷ್ಟೇ.

ಅಕ್ಕ ಒಂದು ಹಾಳೆ ಎತ್ತಿ ನೋಡಿದಳು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನ್ನದು ಉಲ್ಟಾ ಕಣೋ, ನೆಲ ನೆಟ್ಟಗಾದರೆ ಕುಣಿಯೋಕೇ ಬರಲ್ಲ.”

“ಪಕ್ಕದಲ್ಲಿ ಯಾರೂ ಇಲ್ಲದೆ ಅದು ಯಾರ ಮೇಲೆ ಒರಗಬೇಕಕ್ಕ?”

“ನೀನು ನನ್ನ ಮನೆ ಯಾಕೆ ಬಿಟ್ಟಿಲ್ಲ ಅಂತ ಈಗ ತಿಳೀತು.”

ಮಗಳು ನಗಲಿಲ್ಲ. “ಹಾಗಾದರೆ ಪೂರ್ತಿ ಮಾತು ಬರಿ ಮಾಮ. ನಡುವಿನ ಅಕ್ಷರನ ಮಾತ್ರ ನಾನು ಎತ್ಕೋತೀನಿ. ಒಂದೇ ಅಕ್ಷರದಲ್ಲಿ ಎಡಕ್ಕೆ ಒರಗಿದವನೊಬ್ಬ, ಬಲಕ್ಕೆ ಒರಗಿದವನೊಬ್ಬ. ಪಕ್ಕಕ್ಕೆ ಯಾರು ಬಂದರು ಅಂತ ನೋಡಿ ಕಂಪ್ಯೂಟರೇ ಆರಿಸುತ್ತೆ.”

“ಏನು ಮಾತು ಬರೀಲಿ?”

“ಅದಕ್ಕೇನು ಬರ,” ಎಂದು ಅಕ್ಕ ಬೇಳೆ ಆರಿಸುತ್ತಲೇ ಶುರುಮಾಡಿದಳು. “ಕೆಲಸಗೇಡಿ. ದಂಡಪಿಂಡ. ಉಂಡಾಡಿ.” ಅವನು ತಲೆಯೆತ್ತದೆ ಬರೆದ. ಅಕ್ಷರಗಳು ಮತ್ತೆ ಒರಗತೊಡಗಿದವು. ಅಕ್ಕನ ಬೈಗುಳ ವಾರಗಟ್ಟಲೆ ನಡೆಯಿತು. ಅದು ಹೊಸ ಸಂಗತಿಯೇನಲ್ಲ, ಉಪಯೋಗಕ್ಕೆ ಬಂದದ್ದು ಮಾತ್ರ ಹೊಸದು.

ಆ ಅಕ್ಷರಗಳು ಮೊದಲು ಏರಿದ್ದು ಮಕ್ಕಳ ಆಸ್ಪತ್ರೆಯ ಒಂದು ಬಾಗಿಲ ಮೇಲೆ: ‘ಸೂಜಿ ಚುಚ್ಚುವ ಕೋಣೆ’. ಡೊಂಕಣ್ಣ ಹೋಗಿ ನೋಡಿದ. ಆ ಮಾತನ್ನು ಅವನು ಎಂದೂ ಬರೆದಿರಲಿಲ್ಲ. ಆದರೂ ‘ಕೆಲಸಗೇಡಿ’ಯಿಂದ ಎತ್ತಿದ ಸ ಇಲ್ಲಿ ಸೂ ಆಗಿ, ಗುರುತಿಲ್ಲದ ಜಿಯ ಹೆಗಲಿಗೆ ಹಾಯಾಗಿ ಒರಗಿತ್ತು.

ಒಳಗೆ ಹೋದ ಮಗು ಅತ್ತಿತು. ಅಕ್ಷರ ಚೆನ್ನಾಗಿದ್ದರೆ ಸೂಜಿಯ ನೋವೇನೂ ಕಡಿಮೆಯಾಗುವುದಿಲ್ಲ. ಹೊರಬಂದ ಮೇಲೆ ಮೂಗೊರೆಸಿಕೊಳ್ಳುತ್ತ ಬೋರ್ಡಿನತ್ತ ಬೆರಳು ಮಾಡಿತು.

“ತಾತ, ಅದು ಬಿದ್ದುಹೋಗುತ್ತಾ?”

“ಇಲ್ಲಮ್ಮ. ಪಕ್ಕದವನು ಹಿಡ್ಕೊಂಡಿದ್ದಾನೆ.”

ಮನೆಗೆ ಹೋಗುವಾಗ ಅವನು ಕೋಳಿಗೂಡಿನ ಮುಂದೆ ನಿಂತು, ಅದರ ಬಾಗಿಲನ್ನು ಮೊದಲಿಂದ ಕೊನೆಯವರೆಗೆ ಓದಿದ.