ಕೆಂಪು ಗ್ರಹದಲ್ಲಿ ಹಸಿರು ಬಳೆ

ಆ ಧಾರಾವಾಹಿಯ ನಿರ್ದೇಶಕನಿಗೆ ಬರುತ್ತಿದ್ದದ್ದು ಒಂದೇ ಮಾತು: ‘ಅದನ್ನ ಪೋಸ್ಟ್‌ನಲ್ಲಿ ನೋಡ್ಕೊಳ್ಳೋಣ.’ ಪೋಸ್ಟ್ ಎಂದರೆ ಚಿತ್ರೀಕರಣ ಮುಗಿದ ಮೇಲೆ ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ. ಅಂದರೆ ನಾನು. ನಾಯಕನ ಹೆಲ್ಮೆಟ್ಟಿನ ಗಾಜಿನಲ್ಲಿ ಚಹಾದ ಗಾಡಿ ಕಂಡರೆ ಪೋಸ್ಟ್. ಅನ್ಯಗ್ರಹದ ಆಕಾಶದಲ್ಲಿ ಕರೆಂಟಿನ ತಂತಿ ಕಂಡರೆ ಪೋಸ್ಟ್. ತಮ್ಮ ತಲೆ ಓಡಿಸುವ ಕೆಲಸವನ್ನೂ ಕಂಪ್ಯೂಟರೇ ಮಾಡುತ್ತದೆ ಎಂದು ನಂಬಿದ ಇಂಥ ಮಂದಿಯ ಜೊತೆ ನಾನು ಒಂದಿಡೀ ಮಳೆಗಾಲ ಕಳೆದೆ.

ನಮ್ಮ ಸ್ಟುಡಿಯೋ ಇದ್ದದ್ದು ವಡಗಾವಿಯ ಒಂದು ಓಣಿಯಲ್ಲಿ, ಪಾವರ್‌ಲೂಮಿನ ಶೆಡ್ಡಿನ ಮೇಲಂತಸ್ತಿನಲ್ಲಿ. ಕೆಳಗೆ ಮಗ್ಗ ಶುರುವಾದರೆ ಮೇಲೆ ನನ್ನ ಮೇಜು ನಡುಗುತ್ತಿತ್ತು. ಪಕ್ಕದಲ್ಲಿ ಮುಚ್ಚಿಹೋಗಿದ್ದ ಶೆಡ್ಡಿನೊಳಗೆ ಆಕಾಶನೌಕೆಯನ್ನು ಕಟ್ಟಿದ್ದರು. ಗೋಡೆಗೆ ಬೆಳ್ಳಿಬಣ್ಣ ಬಳಿದ ತತ್ತಿಯ ಟ್ರೇಗಳು, ಮೇಜಿನ ಮೇಲೆ ಹಳೆ ಮಗ್ಗದ ಸ್ವಿಚ್ಚಿನ ಡಬ್ಬಿಗಳು. ನಾಯಕ ಬೆಳಕಿನ ವೇಗದಲ್ಲಿ ಹಾರಲು ಎಳೆಯುತ್ತಿದ್ದ ಹಿಡಿಕೆ ಪ್ರೆಶರ್ ಕುಕ್ಕರಿನದು. ನೋಡಿದರೆ ನಗು ಬರಬೇಕು. ಆದರೆ ಅದನ್ನು ಎಳೆಯುವಾಗ ಅವನು ಹುಬ್ಬು ಗಂಟಿಕ್ಕುತ್ತಿದ್ದ ಪರಿಗೆ ನನಗೆ ಮೈ ಉರಿಯುತ್ತಿತ್ತು.

ಗ್ರಹ ಮಾತ್ರ ಖಾನಾಪುರದಲ್ಲಿತ್ತು. ನಿಂತುಹೋದ ಹಂಚಿನ ಕಾರ್ಖಾನೆ, ಕೆಂಪು ಮಣ್ಣು, ಒಡೆದ ಹಂಚಿನ ಗುಡ್ಡೆಗಳು. ಅದರ ಹಿಂದೆ ಹಸಿರು ಬಟ್ಟೆಯ ಪರದೆ ಕಟ್ಟಿದರು. ಪರದೆಯ ಹಸಿರನ್ನು ಕಂಪ್ಯೂಟರು ತೆಗೆದುಹಾಕುತ್ತದೆ, ಆ ಜಾಗದಲ್ಲಿ ನಾವು ನಕ್ಷತ್ರ, ಎರಡೆರಡು ಸೂರ್ಯ, ಏನು ಬೇಕಾದರೂ ತುಂಬಬಹುದು. ಕಷ್ಟವೆಂದರೆ ಕಂಪ್ಯೂಟರಿಗೆ ಪರದೆಯ ಹಸಿರು, ಹುಲ್ಲಿನ ಹಸಿರು ಎಂಬ ಭೇದ ತಿಳಿಯುವುದಿಲ್ಲ. ಮಳೆಗಾಲದ ಖಾನಾಪುರದಲ್ಲಿ ಹಂಚಿನ ಸಂದಿಯಲ್ಲೂ ಹುಲ್ಲು ಎದ್ದಿರುತ್ತದೆ. ಮೊದಲ ದಿನದ ದೃಶ್ಯದಲ್ಲಿ ನಾಯಕನ ಬೂಟಿನ ಸುತ್ತ ನೆಲ ತೂತುಬಿದ್ದು, ತೂತಿನಲ್ಲಿ ನಕ್ಷತ್ರಗಳು ಮಿನುಗುತ್ತಿದ್ದವು. ನೀಲಿ ಪರದೆ ಕಟ್ಟೋಣ ಎಂದೆ. ಆಗುವುದಿಲ್ಲವಂತೆ, ನಾಯಕನ ಅಂಗಿ ನೀಲಿ. ಅಂಗಿ ಬದಲಿಸಿ ಎಂದೆ. ಅದೂ ಆಗುವುದಿಲ್ಲವಂತೆ, ನೀಲಿ ಅವನಿಗೆ ಕೂಡಿಬರುವ ಬಣ್ಣವೆಂದು ಜ್ಯೋತಿಷಿ ಹೇಳಿದ್ದಾನೆ. ಗ್ರಹದಿಂದ ಗ್ರಹಕ್ಕೆ ಹಾರುವವನಿಗೆ ಗ್ರಹಗಳದೇ ಭಯ.

ಕಾರ್ಖಾನೆಯ ಹತ್ತಿರವೇ ನನ್ನ ಸೋದರತ್ತೆಯ ಮನೆ. ಅವ್ವ ಒಂದು ದಿನ ನನ್ನ ಜೊತೆ ಅಲ್ಲಿಗೆ ಬಂದವಳು ಶೂಟಿಂಗ್ ನೋಡಲು ನಿಂತಳು. ಅತ್ತೆಯೂ ಬಂದು ನಿಂತಳು. ನಿರ್ದೇಶಕ ಕಪ್ಪು ಕನ್ನಡಕ ಹಣೆಗೇರಿಸಿ ಅವ್ವನನ್ನು ನೋಡಿ, ‘ಈ ಮುಖ ನ್ಯಾಚುರಲ್ಲಾಗಿದೆ’ ಎಂದ. ಕಿಟಕಿ ಪರದೆಯ ಬೆಳ್ಳಿಬಣ್ಣದ ಬಟ್ಟೆ ಹೊದಿಸಿ ಅವಳನ್ನು ಆ ಗ್ರಹದ ಹಿರಿಯಳನ್ನಾಗಿ ಮಾಡಿದರು. ಮಾತಿಲ್ಲ. ಮಡಿಲಲ್ಲಿ ಕೈ ಇಟ್ಟು ಕೂರಬೇಕು, ನೌಕೆ ಬಂದಾಗ ಕೈಯೆತ್ತಿ ತಡೆಯಬೇಕು, ಅಷ್ಟೇ.

ಅವ್ವ ಕೈಯೆತ್ತಿದಳು. ಪರದೆಯ ಹಸಿರನ್ನು ಅಲ್ಲಿಯೇ ತೆಗೆದು ತೋರಿಸುತ್ತಿದ್ದ ಮಾನಿಟರಿನಲ್ಲಿ ಅವಳ ಮಣಿಕಟ್ಟು ಮಾಯವಾಗಿತ್ತು. ತೋಳು ಒಂದು ಕಡೆ, ಅಂಗೈ ಒಂದು ಕಡೆ, ನಡುವೆ ನಕ್ಷತ್ರಗಳು. ಅವಳ ಕೈತುಂಬ ಹಸಿರು ಗಾಜಿನ ಬಳೆಗಳಿದ್ದವು. ನಿರ್ದೇಶಕ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ, ‘ಅಮ್ಮಾ, ಆ ಬಳೆ ಸ್ವಲ್ಪ ತೆಗೆದಿಟ್ಟುಬಿಡಿ’ ಎಂದ.

ಆ ಬಳೆಗಳ ಕಥೆ ಅವನಿಗೆ ಗೊತ್ತಿರಲಿಲ್ಲ. ಅಪ್ಪ ಸತ್ತ ದಿನ ಅವ್ವನ ಬಳೆ ಒಡೆಯಲು ಮುಂದಾದವಳು ಇದೇ ಸೋದರತ್ತೆ. ಅವಳ ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ, ಅವಳ ಕೈ ಆಗಲೇ ಬರಿದಾಗಿತ್ತು. ಅವ್ವ ಎರಡೂ ಕೈ ಸೆರಗಿನೊಳಗೆ ಹಾಕಿಕೊಂಡು, ‘ಬಳಿ ನನಗ ಸಣ್ಣಾಕಿ ಇದ್ದಾಗ ನಮ್ಮವ್ವ ಇಡಿಸಿದ್ದು. ಅವರು ಕೊಟ್ಟಿದ್ದಲ್ಲ, ಅವರ ಜೋಡಿ ಯಾಕ ಹೋಗಬೇಕು?’ ಎಂದಿದ್ದಳು. ಶರಣರ ಮಾತನ್ನು ದಿನವೂ ಓದುವ ಬಳಗ ನಮ್ಮದು. ಆ ಓದಿದ ಬಾಯಿಗಳೇ ಅವತ್ತಿನಿಂದ ಅವಳ ಬೆನ್ನ ಹಿಂದೆ ಆಡಿಕೊಂಡವು. ಉಡಿ ತುಂಬುವ ಕಾರ್ಯಗಳಿಗೆ ಕರೆಯುವುದು ನಿಂತಿತು. ಕರೆಯದವರ ಮೇಲೆ ಅವ್ವನಿಗೆ ಎಷ್ಟು ಸಿಟ್ಟಿತ್ತೋ ತಿಳಿಯದು, ನನಗಂತೂ ಇವತ್ತಿಗೂ ಇದೆ.

ಅವ್ವ ನಿರ್ದೇಶಕನಿಗೆ ಶಾಂತವಾಗಿಯೇ ಹೇಳಿದಳು. ‘ಗಂಡ ಸತ್ತಾಗ ಬಳಗೆಲ್ಲಾ ಕೂಡಿ ಕೇಳಿದ್ರೂ ತೆಗದಿಲ್ರೀ. ನಿಮ್ಮ ಟೀವಿ ಸಲುವಾಗಿ ತೆಗೀಲೇನು?’

ಅವನು ಬಾಯಿ ತೆರೆಯುವ ಮುಂಚೆ ನಾನೇ, ‘ಪೋಸ್ಟ್‌ನಲ್ಲಿ ನೋಡ್ಕೋತೀನಿ ಸರ್’ ಎಂದೆ. ಆ ಮಾತನ್ನು ನಾನಾಗಿ ಆಡಿದ್ದು ಅದೊಂದೇ ಸಲ. ಖಾನಾಪುರದಿಂದ ಮನೆಗೆ ಮರಳುವಾಗ ಅವ್ವ, ‘ಚಂದಂಗ ಕಾಣೂ ಹಂಗ ಮಾಡವಾ. ಕರೀದಿದ್ದವರೆಲ್ಲಾ ಈ ಕೈ ನೋಡ್ಲಿ’ ಎಂದಳು. ಅವಳು ಯಾವತ್ತೂ ಬಾಯಿಬಿಟ್ಟು ಏನನ್ನೂ ಕೇಳಿದವಳಲ್ಲ.

ಮಾಡಿದೆ. ಬಳೆಯ ಅಂಚಿಗೆ ಗೆರೆ ಎಳೆದು ಕೊಟ್ಟರೆ ಒಳಗಿನ ಹಸಿರನ್ನು ಕಂಪ್ಯೂಟರು ಮುಟ್ಟುವುದಿಲ್ಲ; ಆದರೆ ಕೈ ಒಂದಿಷ್ಟು ಅಲುಗಿದರೂ ಹೊಸದಾಗಿ ಗೆರೆ ಎಳೆಯಬೇಕು, ಒಂದೊಂದು ಚಿತ್ರಕ್ಕೂ, ಒಂದೊಂದು ಬಳೆಗೂ. ನಾಯಕನ ನೀಲಿ ಅಂಗಿಗೆ ತೋರಿಸದ ಮರ್ಯಾದೆಯನ್ನು ಆ ಬಳೆಗಳಿಗೆ ತೋರಿಸಿದೆ. ಗಾಜಿನ ಮೇಲಿನ ಹೊಳಪನ್ನೂ ಉಳಿಸಿಕೊಂಡೆ. ಗೆರೆಗಳ ಸಮೇತ ಎಲ್ಲವನ್ನೂ ಕಂತುಗಳನ್ನು ಕೊನೆಗೆ ಜೋಡಿಸುವ ಬೆಂಗಳೂರಿನ ಕಚೇರಿಗೆ ಕಳಿಸಿ, ಅವ್ವನಿಗೆ, ‘ಭಾಳ ಚಂದ ಬಂದೈತಿ’ ಎಂದೆ. ಅವಳು ಫೋನು ಹಿಡಿದು ಬಳಗಕ್ಕೆಲ್ಲ ಸುದ್ದಿ ಮುಟ್ಟಿಸಿದಳು. ಅತ್ತೆಯನ್ನು ಖಾನಾಪುರದಿಂದ ಮನೆಗೇ ಕರೆಸಿದಳು.

ಕಂತು ಬಂತು. ಟೀವಿಯಲ್ಲಿ ಎರಡು ಸೂರ್ಯ, ಕೆಂಪು ನೆಲ, ಬೆಳ್ಳಿಬಟ್ಟೆಯ ಅವ್ವ. ಹಿನ್ನೆಲೆಯಲ್ಲಿ ಗಡಸು ದನಿಯೊಂದು, ‘ಇವಳು ಮಹಾರಾಜನನ್ನು ಕಳೆದುಕೊಂಡ ಮಹಾಮಾತೆ’ ಎಂದಿತು. ಅಂಥ ಮಹಾರಾಜ ಕಥೆಯಲ್ಲಿ ಇರಲೇ ಇಲ್ಲ. ಬೆಂಗಳೂರಿನಲ್ಲಿ ಕೂತು ಹೊಸದಾಗಿ ಸಾಯಿಸಿದ್ದರು. ಆಮೇಲೆ ಅವ್ವನ ಮಡಿಲಿನ ಕೈಗಳು ಪರದೆಯ ತುಂಬ ಬಂದವು. ಎರಡೂ ಬೋಳು. ಬಳೆಯ ಗುರುತಿಲ್ಲ.

ಅಳಿಸಲು ಅವರಿಗೆ ಕಷ್ಟವೇ ಆಗಿರಲಿಕ್ಕಿಲ್ಲ. ಪ್ರತಿ ಬಳೆಯ ಅಂಚನ್ನೂ ನಾನೇ ನೀಟಾಗಿ ಗುರುತು ಮಾಡಿ ಕೊಟ್ಟಿದ್ದೆನಲ್ಲ. ಎಂಥ ದರಿದ್ರ ಕಲ್ಪನೆ ಇವರದು ಎಂದು ಹೇಸಿಗೆಯಾಯಿತು. ನಕ್ಷತ್ರಗಳಾಚೆಗೆ ಹೋದರು, ಆಕಾಶಕ್ಕೆ ಎರಡು ಸೂರ್ಯ ತಂದರು, ಸಾವಿರಾರು ವರ್ಷ ಮುಂದಕ್ಕೆ ಹಾರಿದರು. ಅಲ್ಲಿಯೂ ಗಂಡ ಸತ್ತವಳ ಕೈಯಲ್ಲಿ ಬಳೆ ಇರಬಾರದು. ಕುಕ್ಕರಿನ ಹಿಡಿಕೆ ಇರಬಹುದು.

ಅತ್ತೆ ಸೋಫಾದ ತುದಿಗೆ ಸರಿದು ಕೂತು, ‘ನೋಡ್ದಿ? ಟೀವಿಯವರಿಗೂ ರೀತಿ ಗೊತ್ತೈತಿ’ ಎಂದಳು. ಅವ್ವನ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಅಷ್ಟರಲ್ಲಿ ಟೀವಿಯಲ್ಲಿ ನೌಕೆ ಬಂತು. ಬೋಳುಕೈಯ ಅವ್ವ ಕೈಯೆತ್ತಿದಳು. ಘಲ್ಲೆಂದು ಬಳೆಯ ಸದ್ದಾಯಿತು.

ಅವಳಿಗೆ ಮಾತಿರಲಿಲ್ಲವಾದ್ದರಿಂದ ಯಾರೂ ಹೊಸದಾಗಿ ಧ್ವನಿ ಸೇರಿಸಿರಲಿಲ್ಲ. ಖಾನಾಪುರದ ಮೈಕಿಗೆ ಸಿಕ್ಕಿದ್ದನ್ನು ಹಾಗೆಯೇ ಬಿಟ್ಟಿದ್ದರು. ಚಿತ್ರದವರು ಧ್ವನಿಯವರಿಗೆ ಹೇಳಿಲ್ಲ, ಧ್ವನಿಯವರು ಚಿತ್ರ ನೋಡಿಲ್ಲ. ಅವರ ದಡ್ಡತನದಿಂದ ನಮಗೆ ಉಪಕಾರವಾದದ್ದು ಅದೊಂದೇ ಸಲ.

ಅವ್ವ ನಕ್ಕಳು. ಬಹಳ ಹೊತ್ತು ನಕ್ಕಳು. ‘ಕೈ ಬೋಳು ಮಾಡ್ಯಾರ. ಸಪ್ಪಳ ತೆಗಿಯೂದು ಮರತಾರ’ ಎಂದು ಕಣ್ಣೊರೆಸಿಕೊಂಡು ಚಹಾಕ್ಕಿಡಲು ಎದ್ದುಹೋದಳು. ಅಡಿಗೆಮನೆಯಿಂದ ಪಾತ್ರೆಯ ಸದ್ದಿನ ಜೊತೆ ಅವಳ ಬಳೆಯ ಸದ್ದೂ ಕೇಳಿಸುತ್ತಿತ್ತು.

ಅತ್ತೆ ನಗಲಿಲ್ಲ. ಎಡಗೈಯಿಂದ ತನ್ನ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡು ಕೂತಿದ್ದಳು. ಅಡಿಗೆಮನೆಯ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ, ‘ಅದನ್ನ ಇನ್ನೊಮ್ಮಿ ಹಚ್ಚ’ ಎಂದಳು. ರೆಕಾರ್ಡಿಗೆ ಹಾಕಿದ್ದೆ, ಹಿಂದಕ್ಕೆ ಓಡಿಸಿ ಹಚ್ಚಿದೆ. ಮುಗಿದ ಕೂಡಲೆ, ‘ಮತ್ತೊಮ್ಮಿ’ ಎಂದಳು. ಆ ದರಿದ್ರ ಧಾರಾವಾಹಿಯನ್ನು ಆಸೆಪಟ್ಟು ಮತ್ತೆ ಮತ್ತೆ ಹಾಕಿಸಿಕೊಂಡವಳು ಅವಳೊಬ್ಬಳೇ ಇರಬೇಕು, ಅದೂ ಕಣ್ಣು ಮುಚ್ಚಿಕೊಂಡು.